ಮಕಲ್ ಫ್ಲಗ್ಗಾ: ಬ್ರಿಟನ್ನಿನ ತುತ್ತತುದಿಯ ಬಂಡೆಗೆ ಇದೆಂಥಾ ಹೆಸರು?

ಬ್ರಿಟನ್ನಿನ ಭೂಪಟದಲ್ಲಿ ಬೆರಳಿಟ್ಟು ಉತ್ತರಕ್ಕೆ ಸರಿಸುತ್ತ ಹೋಗಿ. ಇಂಗ್ಲೆಂಡ್ ಮುಗಿಯುತ್ತದೆ, ಸ್ಕಾಟ್ಲೆಂಡ್ ಮುಗಿಯುತ್ತದೆ, ಆರ್ಕ್ನಿ ದ್ವೀಪಗಳು ಬಂದು ಹೋಗುತ್ತವೆ, ಶೆಟ್ಲೆಂಡ್ ದ್ವೀಪಗಳೂ ಮುಗಿಯುತ್ತವೆ. ಇನ್ನೇನು ಬರೀ ಸಮುದ್ರ ಅನ್ನುವಷ್ಟರಲ್ಲಿ ಒಂದು ಚುಕ್ಕೆ. ಅದರ ಪಕ್ಕದಲ್ಲಿ ಬರೆದಿರುತ್ತದೆ: ಮಕಲ್ ಫ್ಲಗ್ಗಾ.

ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ನಗು ಬರದಿದ್ದರೆ ಕೇಳಿ! ಇಂಗ್ಲಿಷ್ ಮಾತಾಡುವವರಿಗೆ ಇನ್ನೂ ತಮಾಷೆ, ಏಕೆಂದರೆ ಅವರ ಕಿವಿಗೆ ಈ ಹೆಸರಿನ ಮೊದಲ ಚೂರು 'ಕೊಚ್ಚೆ' ಎಂಬ ಅರ್ಥದ ಮಾತಿನಂತೆ ಕೇಳಿಸುತ್ತದೆ. ಬ್ರಿಟನ್ನಿನ ವಿಚಿತ್ರ ಸ್ಥಳನಾಮಗಳ ಪಟ್ಟಿ ಯಾರೇ ಮಾಡಲಿ, ಇದಕ್ಕೊಂದು ಜಾಗ ಕಾದಿರಿಸಿದಂತೆಯೇ.

ಇಷ್ಟು ದಿನ ಪಕ್ಷಿವೀಕ್ಷಕರು, ನಾವಿಕರು ಮತ್ತು ರಸಪ್ರಶ್ನೆ ಕೇಳುವವರಿಗೆ ಮಾತ್ರ ಗೊತ್ತಿದ್ದ ಈ ಮೂಲೆ ಈಗ ಸುದ್ದಿಯಲ್ಲಿದೆ. ಈ ಬಂಡೆ ಸೇರಿರುವ ಅನ್ಸ್ಟ್ ದ್ವೀಪದಲ್ಲಿ ರಾಕೆಟ್ ಉಡಾವಣಾ ಕೇಂದ್ರ ಎದ್ದಿದೆ. ರಾಕೆಟ್ ಸುದ್ದಿ ಓದಿದವರು ನಕ್ಷೆ ತೆರೆಯುತ್ತಾರೆ, ನಕ್ಷೆ ತೆರೆದವರಿಗೆ ಈ ಹೆಸರು ಕಾಣುತ್ತದೆ, ಆಮೇಲೆ ಪ್ರಶ್ನೆಗಳು ಶುರು. ಯಾರು ಇಟ್ಟ ಹೆಸರಿದು? ಅಲ್ಲಿ ದೀಪಸ್ತಂಭ ಏಕಿದೆ? ಇಷ್ಟು ದೂರ ಹೋಗಿ ರಾಕೆಟ್ ಹಾರಿಸುವ ಅಗತ್ಯವಾದರೂ ಏನು? ಒಂದೊಂದಾಗಿ ನೋಡೋಣ.

ಎಲ್ಲಿದೆ ಇದು?

ಸ್ಕಾಟ್ಲೆಂಡಿನ ಮುಖ್ಯ ಭೂಭಾಗದಿಂದ ಈಶಾನ್ಯಕ್ಕೆ, ಅಟ್ಲಾಂಟಿಕ್ ಸಾಗರ ಮತ್ತು ಉತ್ತರ ಸಮುದ್ರ ಸೇರುವ ಕಡೆ ಶೆಟ್ಲೆಂಡ್ ದ್ವೀಪಸಮೂಹವಿದೆ. ನೂರಕ್ಕೂ ಹೆಚ್ಚು ದ್ವೀಪಗಳು. ಜನವಸತಿ ಇರುವುದು ಹದಿನಾರರ ಆಸುಪಾಸು. ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ದ್ವೀಪದ ಹೆಸರು ಮೇನ್‌ಲ್ಯಾಂಡ್. ದ್ವೀಪವೊಂದಕ್ಕೇ 'ಮುಖ್ಯ ಭೂಭಾಗ' ಎಂದು ಹೆಸರು! ಅದರ ಉತ್ತರಕ್ಕೆ ಯೆಲ್, ಯೆಲ್‌ನ ಉತ್ತರಕ್ಕೆ ಅನ್ಸ್ಟ್. ಜನ ವಾಸಿಸುವ ಕೊನೆಯ ದ್ವೀಪ ಅನ್ಸ್ಟ್. ಅಲ್ಲಿರುವುದು ಸುಮಾರು ಆರು ನೂರು ಮಂದಿ. ಅನ್ಸ್ಟ್‌ನ ವಾಯವ್ಯ ತುದಿಯಲ್ಲಿ ಹರ್ಮನೆಸ್ ಎಂಬ ಭೂಶಿರ. ಅಲ್ಲಿಂದ ಕಣ್ಣಳತೆಯ ದೂರದಲ್ಲಿ, ಸಮುದ್ರದಿಂದ ಸುಮಾರು 60 ಮೀಟರ್ ಎತ್ತರಕ್ಕೆ ಎದ್ದುನಿಂತ ಚೂಪು ಬಂಡೆಯೇ ಮಕಲ್ ಫ್ಲಗ್ಗಾ.

ಇದು ಎಷ್ಟು ಉತ್ತರದಲ್ಲಿದೆ ಎಂಬುದು ಅಂಕಿಯಲ್ಲಿ ಹೇಳಿದರೆ ಮನಸ್ಸಿಗೆ ತಟ್ಟುವುದು ಕಷ್ಟ. ಅಕ್ಷಾಂಶ 60 ಡಿಗ್ರಿ 51 ಮಿನಿಟು. ಹೀಗೆ ನೋಡಿ: ನಾರ್ವೆಯ ಬರ್ಗನ್, ಫಿನ್ಲೆಂಡಿನ ಹೆಲ್ಸಿಂಕಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಈ ಮೂರೂ ಊರುಗಳು ಇದಕ್ಕಿಂತ ದಕ್ಷಿಣಕ್ಕಿವೆ. ಗ್ರೀನ್‌ಲ್ಯಾಂಡಿನ ದಕ್ಷಿಣ ತುದಿ ಕೂಡ ಇದಕ್ಕಿಂತ ಕೆಳಗೇ ಇದೆ. ಶೆಟ್ಲೆಂಡಿನ ಮುಖ್ಯ ಪಟ್ಟಣ ಲರ್ವಿಕ್‌ನಿಂದ ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಎಷ್ಟು ದೂರವೋ ನಾರ್ವೆಯ ಬರ್ಗನ್‌ಗೂ ಹೆಚ್ಚುಕಡಿಮೆ ಅಷ್ಟೇ ದೂರ. ಜೂನ್ ತಿಂಗಳಲ್ಲಿ ಇಲ್ಲಿ ಸುಮಾರು 19 ಗಂಟೆ ಹಗಲು. ಉಳಿದ ಹೊತ್ತಿನಲ್ಲೂ ಪೂರ್ತಿ ಕತ್ತಲಾಗುವುದಿಲ್ಲ. ಈ ಮಬ್ಬು ಬೆಳಕಿನ ರಾತ್ರಿಗೆ ಶೆಟ್ಲೆಂಡಿನವರು 'ಸಿಮರ್ ಡಿಮ್' ಎನ್ನುತ್ತಾರೆ. ಡಿಸೆಂಬರಿನಲ್ಲಿ ಲೆಕ್ಕ ತಿರುವುಮುರುವು: ಹಗಲು ಆರು ಗಂಟೆಯೂ ಇರುವುದಿಲ್ಲ.

ದೂರದ ಕಾರಣಕ್ಕೇ ಶೆಟ್ಲೆಂಡಿಗೆ ಇನ್ನೊಂದು ಪಾಡು ಇತ್ತು. ಅದರ ಜಾಗದಲ್ಲೇ ಅದನ್ನು ತೋರಿಸಿದರೆ ನಕ್ಷೆಯಲ್ಲಿ ಮುಕ್ಕಾಲು ಭಾಗ ಬರೀ ನೀರು ಬಂದು, ಸ್ಕಾಟ್ಲೆಂಡ್ ಚಿಕ್ಕದಾಗಿಬಿಡುತ್ತದೆ. ಹಾಗಾಗಿ ನಕ್ಷೆ ಮಾಡುವವರು ಇಡೀ ದ್ವೀಪಸಮೂಹವನ್ನು ಎತ್ತಿ, ಒಂದು ಚೌಕದೊಳಗೆ ಹಾಕಿ, ಸ್ಕಾಟ್ಲೆಂಡಿನ ಪೂರ್ವ ತೀರದ ಪಕ್ಕದಲ್ಲಿ ಕೂರಿಸುತ್ತಿದ್ದರು. ಅಲ್ಲಿನ ಜನ ಇದನ್ನು ಗಂಭೀರವಾಗಿಯೇ ತೆಗೆದುಕೊಂಡರು. ನಾವಿರುವುದು ಎಷ್ಟು ದೂರ ಎಂಬುದು ನಕ್ಷೆಯಲ್ಲಿ ಕಾಣದಿದ್ದರೆ ನಮ್ಮ ಹಡಗಿನ ಖರ್ಚು, ಸಾಗಣೆ ತಾಪತ್ರಯ ಯಾರಿಗೆ ಅರ್ಥವಾದೀತು ಎಂಬುದು ಅವರ ವಾದ. 2018ರಲ್ಲಿ ಸ್ಕಾಟ್ಲೆಂಡ್ ಸಂಸತ್ತು ತಂದ ದ್ವೀಪಗಳ ಕಾಯ್ದೆಯಲ್ಲಿ ಇದಕ್ಕೆಂದೇ ಒಂದು ಕಲಮು ಇದೆ: ಸ್ಕಾಟ್ಲೆಂಡಿನ ಸರಕಾರಿ ಸಂಸ್ಥೆಗಳು ನಕ್ಷೆ ಪ್ರಕಟಿಸುವಾಗ ಶೆಟ್ಲೆಂಡನ್ನು ಅದಿರುವ ಜಾಗದಲ್ಲೇ, ಸರಿಯಾದ ಅಳತೆಯಲ್ಲೇ ತೋರಿಸಬೇಕು, ಆಗದಿದ್ದರೆ ಏಕೆ ಆಗಲಿಲ್ಲ ಎಂದು ಕಾರಣ ಪ್ರಕಟಿಸಬೇಕು. ಚೌಕದಿಂದ ಹೊರಬರಲು ಕಾನೂನೇ ಬೇಕಾಯಿತು.

ಹೆಸರು ಬಂದದ್ದು ಹೇಗೆ?

ಇಲ್ಲಿ ಸ್ವಲ್ಪ ಇತಿಹಾಸ ಬೇಕು. ಸುಮಾರು ಒಂಬತ್ತನೇ ಶತಮಾನದ ಹೊತ್ತಿಗೆ ನಾರ್ವೆ ಕಡೆಯ ಜನ ಶೆಟ್ಲೆಂಡಿಗೆ ಬಂದು ನೆಲೆಸಿದರು. ಅವರ ಮಾತು ಹಳೆಯ ನಾರ್ಸ್. ಇಂದಿನ ನಾರ್ವೆ, ಐಸ್‌ಲ್ಯಾಂಡ್, ಡೆನ್ಮಾರ್ಕ್, ಸ್ವೀಡನ್ ಭಾಷೆಗಳಿಗೆಲ್ಲ ಅದೇ ತಾಯಿ. ಸಮುದ್ರವನ್ನೇ ನಂಬಿದ್ದ ಆ ಜನ ಕಂಡ ಬಂಡೆ, ಕೊಲ್ಲಿ, ತುದಿಗಳಿಗೆಲ್ಲ ಹೆಸರಿಟ್ಟರು. ಮಕಲ್ ಫ್ಲಗ್ಗಾದ ಮೂಲ ರೂಪ 'ಮಿಕ್ಲಾ ಫ್ಲುಗೇ'. ಮಿಕ್ಲಾ ಎಂದರೆ ದೊಡ್ಡದು, ಫ್ಲುಗೇ ಎಂದರೆ ಕಡಿದಾದ ಬದಿಯ ದ್ವೀಪ. ಒಟ್ಟು ಅರ್ಥ: ಕಡಿದಾದ ದೊಡ್ಡ ನಡುಗಡ್ಡೆ.

ಅಷ್ಟೇ! ಕಣ್ಣಿಗೆ ಕಂಡದ್ದನ್ನು ಕಂಡಂತೆ ಹೇಳಿದ ಹೆಸರು. ಬಂಡೆಯ ಚಿತ್ರ ನೋಡಿದವರಿಗೆ ಇದಕ್ಕಿಂತ ಸರಿಯಾದ ಹೆಸರು ಇನ್ನೊಂದು ಹೊಳೆಯುವುದಿಲ್ಲ. ಇದರಲ್ಲಿನ 'ಮಕಲ್' ಸ್ಕಾಟ್ಸ್ ನುಡಿಯಲ್ಲಿ ಇವತ್ತಿಗೂ ಬಳಕೆಯಲ್ಲಿರುವ ಮಾತು. ನಮ್ಮಲ್ಲಿ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಎನ್ನುತ್ತೇವಲ್ಲ, ಆ 'ದೊಡ್ಡ' ಮಾಡುವ ಕೆಲಸವನ್ನೇ ಅಲ್ಲಿ 'ಮಕಲ್' ಮಾಡುತ್ತದೆ. ಶೆಟ್ಲೆಂಡಿನಲ್ಲಿ ಮಕಲ್ ರೋ ಎಂಬ ದ್ವೀಪವೂ ಇದೆ. ಚಿಕ್ಕದಕ್ಕೆ ಅವರ ಮಾತು 'ಪೀರಿ'.

ಹಾಗಿದ್ದರೆ ಹೆಸರು ಇಷ್ಟು ವಿಚಿತ್ರವಾಗಿ ಕೇಳಿಸುವುದೇಕೆ? ಇಟ್ಟ ಜನರ ಭಾಷೆ ಅಲ್ಲಿ ಅಳಿದುಹೋಯಿತು, ಹೆಸರು ಉಳಿಯಿತು. ಭಾಷೆ ಅಳಿದದ್ದರ ಹಿಂದೆ ಒಂದು ಮದುವೆಯ ಕಥೆಯಿದೆ. ಡೆನ್ಮಾರ್ಕ್ ಮತ್ತು ನಾರ್ವೆಯ ದೊರೆ ಒಂದನೇ ಕ್ರಿಶ್ಚಿಯನ್ ತನ್ನ ಮಗಳು ಮಾರ್ಗರೆಟ್‌ಳನ್ನು ಸ್ಕಾಟ್ಲೆಂಡಿನ ಮೂರನೇ ಜೇಮ್ಸ್‌ಗೆ ಕೊಟ್ಟು ಮದುವೆ ಮಾಡಲು ಒಪ್ಪಿದ. ವರದಕ್ಷಿಣೆಯ ದುಡ್ಡು ಹೊಂದಿಸಲಾಗಲಿಲ್ಲ. ಬಾಕಿಗೆ ಬದಲಾಗಿ 1468ರಲ್ಲಿ ಆರ್ಕ್ನಿಯನ್ನೂ 1469ರಲ್ಲಿ 8,000 ಫ್ಲೋರಿನ್‌ಗೆ ಶೆಟ್ಲೆಂಡನ್ನೂ ಒತ್ತೆಯಿಟ್ಟ. ಒತ್ತೆ ಬಿಡಿಸಿಕೊಳ್ಳುವುದು ಆಗಲೇ ಇಲ್ಲ. 1472ರಲ್ಲಿ ಸ್ಕಾಟ್ಲೆಂಡ್ ಎರಡನ್ನೂ ತನಗೆ ಸೇರಿಸಿಕೊಂಡಿತು. ವರದಕ್ಷಿಣೆ ಬಾಕಿಗೆ ಹೋದ ದ್ವೀಪಗಳು ಇಂದಿಗೂ ಸ್ಕಾಟ್ಲೆಂಡಿನಲ್ಲೇ ಇವೆ.

ಆಮೇಲೆ ಆಡಳಿತ, ಚರ್ಚು, ವ್ಯಾಪಾರ ಎಲ್ಲ ನಿಧಾನವಾಗಿ ಸ್ಕಾಟ್ಸ್ ಮತ್ತು ಇಂಗ್ಲಿಷಿಗೆ ತಿರುಗಿತು. ಹಳೆಯ ನಾರ್ಸ್‌ನಿಂದ ಬೆಳೆದು ಸ್ಥಳೀಯ ರೂಪ ಪಡೆದಿದ್ದ ನುಡಿಗೆ ನಾರ್ನ್ ಎನ್ನುತ್ತಾರೆ. ಅದನ್ನು ಬಲ್ಲ ಕೊನೆಯವನೆಂದು ಹೇಳಲಾಗುವ ವಾಲ್ಟರ್ ಸದರ್ಲೆಂಡ್ ಇದೇ ಅನ್ಸ್ಟ್ ದ್ವೀಪದ ಸ್ಕಾ ಎಂಬ ಊರಿನವನು. 1850ರ ಸುಮಾರಿಗೆ ತೀರಿಕೊಂಡ. ಅದಾದ ಕೆಲವೇ ದಶಕಗಳಲ್ಲಿ ಸರಕಾರಿ ಭೂಮಾಪಕರು ನಕ್ಷೆ ಮಾಡಲು ಬಂದರು. ಊರಿನವರ ಬಾಯಲ್ಲಿ ಹೆಸರುಗಳು ಇನ್ನೂ ಇದ್ದವು, ಆದರೆ ಅವುಗಳ ವ್ಯಾಕರಣ ಬಲ್ಲವರು ಇರಲಿಲ್ಲ. ಕಿವಿಗೆ ಬಿದ್ದ ಸದ್ದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಿಡಿದಿಟ್ಟರು. ನಾವು ಓದಿ ನಗುವುದು ಆ ಬರಹವನ್ನು.

ಒಂದೆರಡು ಬಾಲಗಳನ್ನು ತಿಳಿದುಕೊಂಡರೆ ಶೆಟ್ಲೆಂಡಿನ ನಕ್ಷೆ ತಾನಾಗಿ ಮಾತಾಡುತ್ತದೆ. 'ನೆಸ್' ಎಂದರೆ ಸಮುದ್ರಕ್ಕೆ ಚಾಚಿದ ಭೂಶಿರ. 'ವಿಕ್' ಎಂದರೆ ಕೊಲ್ಲಿ. ಲರ್ವಿಕ್ ಎಂದರೆ ಕೆಸರು ಕೊಲ್ಲಿ. 'ವೋ' ಎಂದರೆ ಒಳನುಗ್ಗಿದ ನೀರಿನ ಚಾಚು. 'ಗಿಯೋ' ಎಂದರೆ ಬಂಡೆಯ ನಡುವಿನ ಇಕ್ಕಟ್ಟಾದ ಸೀಳು. 'ಸ್ಕೆರಿ' ಎಂದರೆ ಅಲೆ ಹಾಯುವ ತಗ್ಗು ಬಂಡೆ. ಮಕಲ್ ಫ್ಲಗ್ಗಾದ ಅಕ್ಕಪಕ್ಕದ ಬಂಡೆಗಳ ಹೆಸರು ಈಗ ಓದಿ: ಕ್ಲಿಫ್ ಸ್ಕೆರಿ, ಟಿಪ್ಟಾ ಸ್ಕೆರಿ, ವೆಸ್ಟಾ ಸ್ಕೆರಿ. ಇನ್ನೊಂದರ ಹೆಸರು ರಂಬ್ಲಿಂಗ್ಸ್, ಕೇಳಿದರೆ ಗುಡುಗಿನ ಗೊಣಗಾಟ ನೆನಪಾಗುತ್ತದೆ.

ಒಂದು ಮಾತು ಸೇರಿಸಬೇಕು. ಅನ್ಸ್ಟ್, ಯೆಲ್, ಫೆಟ್ಲರ್ ಎಂಬ ಮೂರು ದೊಡ್ಡ ದ್ವೀಪಗಳ ಹೆಸರಿಗೆ ನಾರ್ಸ್‌ನಲ್ಲೂ ಒಪ್ಪುವಂಥ ಅರ್ಥ ಸಿಕ್ಕಿಲ್ಲ. ಅವು ನಾರ್ವೆಯವರು ಬರುವ ಮೊದಲೇ ಅಲ್ಲಿದ್ದವರ ಮಾತಿರಬೇಕು ಎನ್ನುತ್ತಾರೆ ಸ್ಥಳನಾಮ ವಿದ್ವಾಂಸರು.

ಈಜು ಬಾರದ ಇಬ್ಬರು ದೈತ್ಯರು

ವಿದ್ವಾಂಸರ ವಿವರಣೆ ಹಾಗಿದ್ದರೆ ಊರಿನವರ ವಿವರಣೆಯೇ ಬೇರೆ, ಮತ್ತು ಅದು ಬಹಳ ಚೆನ್ನಾಗಿದೆ.

ಅನ್ಸ್ಟ್‌ನ ಉತ್ತರದಲ್ಲಿ ಬರಾ ಫರ್ತ್ ಎಂಬ ಕೊಲ್ಲಿಯ ಒಂದು ದಡದಲ್ಲಿ ಹರ್ಮಾ ಎಂಬ ದೈತ್ಯ, ಇನ್ನೊಂದು ದಡದಲ್ಲಿ ಸ್ಯಾಕ್ಸಾ ಎಂಬ ದೈತ್ಯ. ಇಬ್ಬರೂ ಒಬ್ಬಳೇ ಮತ್ಸ್ಯಕನ್ಯೆಗೆ ಮನಸೋತರು. ಜಗಳ ಹತ್ತಿತು. ಈ ದಡದಿಂದ ಅವನು, ಆ ದಡದಿಂದ ಇವನು, ಕೈಗೆ ಸಿಕ್ಕ ಬಂಡೆ ಎತ್ತಿ ಎಸೆದಾಡಿದರು. ಹಾಗೆ ಗುರಿ ತಪ್ಪಿ ಸಮುದ್ರಕ್ಕೆ ಬಿದ್ದ ಬಂಡೆಗಳಲ್ಲಿ ಒಂದು ಮಕಲ್ ಫ್ಲಗ್ಗಾ. ಇವರ ಕಾಟಕ್ಕೆ ಬೇಸತ್ತ ಮತ್ಸ್ಯಕನ್ಯೆ ಒಂದು ಷರತ್ತು ಹಾಕಿದಳು: ನನ್ನ ಹಿಂದೆ ಉತ್ತರ ಧ್ರುವದವರೆಗೆ ಬಂದವನನ್ನು ಮದುವೆಯಾಗುತ್ತೇನೆ. ಇಬ್ಬರೂ ಹಿಂದುಮುಂದು ನೋಡದೆ ನೀರಿಗೆ ಧುಮುಕಿದರು. ಇಬ್ಬರಿಗೂ ಈಜು ಬರುತ್ತಿರಲಿಲ್ಲ.

ಕಥೆ ಅಲ್ಲಿಗೇ ಮುಗಿಯಿತು. ದೈತ್ಯರ ಹೆಸರು ಮಾತ್ರ ದಡಗಳಲ್ಲಿ ಉಳಿದಿದೆ: ಒಂದು ಕಡೆ ಹರ್ಮನೆಸ್, ಎದುರು ಕಡೆ ಸ್ಯಾಕ್ಸಾ ವೋರ್ಡ್ ಗುಡ್ಡ. ಇವತ್ತಿನ ರಾಕೆಟ್ ಕೇಂದ್ರದ ಹೆಸರು ಸ್ಯಾಕ್ಸಾವೋರ್ಡ್. ನೀರಿಗೆ ಬಿದ್ದು ಮುಳುಗಿದ ಪ್ರೇಮಿಯ ಹೆಸರನ್ನು ಆಕಾಶಕ್ಕೆ ಏರುವ ರಾಕೆಟ್ಟುಗಳ ನೆಲೆಗೆ ಇಟ್ಟಿದ್ದಾರೆ!

ಭೂವಿಜ್ಞಾನ ಹೇಳುವುದು ಇಷ್ಟು. ಅಲೆಗಳು ಬಂಡೆಯ ದುರ್ಬಲ ಬಿರುಕುಗಳನ್ನು ಹುಡುಕಿ ಕೊರೆಯುತ್ತವೆ. ಬಿರುಕು ಗುಹೆಯಾಗುತ್ತದೆ, ಗುಹೆ ಆರಪಾರಾಗಿ ಕಮಾನಾಗುತ್ತದೆ, ಕಮಾನಿನ ಮೇಲ್ಭಾಗ ಕುಸಿದಾಗ ತುದಿಯ ಕಂಬ ಒಂಟಿಯಾಗಿ ಸಮುದ್ರದಲ್ಲಿ ನಿಲ್ಲುತ್ತದೆ. ಇಂಥ ಒಂಟಿ ಬಂಡೆಗೆ ಅಲ್ಲಿಯವರು 'ಸ್ಟ್ಯಾಕ್' ಎನ್ನುತ್ತಾರೆ. ಮಕಲ್ ಫ್ಲಗ್ಗಾದ ಆಚೆ ಕೊನೆಯದಾಗಿ ಒಂದು ಸಣ್ಣ ದಿಬ್ಬವಿದೆ, ಔಟ್ ಸ್ಟ್ಯಾಕ್. ಬ್ರಿಟನ್ನಿನ ನೆಲ ನಿಜವಾಗಿ ಮುಗಿಯುವುದು ಅಲ್ಲಿ. ಅಲ್ಲಿಂದ ನೇರ ಉತ್ತರಕ್ಕೆ ಹೊರಟರೆ ಧ್ರುವದವರೆಗೂ ನೆಲವಿಲ್ಲ. 1845ರಲ್ಲಿ ಆರ್ಕ್ಟಿಕ್ ಸಮುದ್ರಯಾನಕ್ಕೆ ಹೋಗಿ ಮರಳದ ಜಾನ್ ಫ್ರಾಂಕ್ಲಿನ್‌ನ ಪತ್ನಿ ಜೇನ್ ಫ್ರಾಂಕ್ಲಿನ್ 1849ರಲ್ಲಿ ಈ ಔಟ್ ಸ್ಟ್ಯಾಕ್ ಮೇಲೆ ಇಳಿದು, ಗಂಡ ಹೋದ ದಿಕ್ಕಿಗೆ ಮುಖಮಾಡಿ ಪ್ರಾರ್ಥಿಸಿದರು. ಅವರ ಮಟ್ಟಿಗೆ ಗಂಡನಿಗೆ ಅದಕ್ಕಿಂತ ಹತ್ತಿರ ನಿಲ್ಲಬಹುದಾದ ಬ್ರಿಟಿಷ್ ನೆಲ ಇರಲಿಲ್ಲ.

ಯುದ್ಧಕ್ಕಾಗಿ ಹಚ್ಚಿದ ದೀಪ

ಮನುಷ್ಯರು ಕಾಲಿಡುವುದೇ ದುಸ್ತರವಾದ ಬಂಡೆಯ ನೆತ್ತಿಯ ಮೇಲೆ ದೀಪಸ್ತಂಭ ಕಟ್ಟಿಸಿದ್ದು ಕ್ರಿಮಿಯಾ ಯುದ್ಧ. ಯುದ್ಧ ನಡೆದ ಕ್ರಿಮಿಯಾ ಇರುವುದು ಕಪ್ಪು ಸಮುದ್ರದಲ್ಲಿ, ಇಲ್ಲಿಂದ ಸಾವಿರಾರು ಕಿಲೋಮೀಟರ್ ದೂರ. ಆದರೆ ಶತ್ರುವಾದ ರಷ್ಯಾಕ್ಕೆ ಉತ್ತರದಲ್ಲೂ ಬಂದರುಗಳಿದ್ದವು. ಶ್ವೇತ ಸಮುದ್ರದ ಆ ಬಂದರುಗಳ ಕಡೆ ಹೊರಟ ಬ್ರಿಟಿಷ್ ಯುದ್ಧನೌಕೆಗಳು ಶೆಟ್ಲೆಂಡನ್ನು ದಾಟಿಯೇ ಹೋಗಬೇಕು. ಕತ್ತಲಲ್ಲಿ ಈ ಬಂಡೆಗಳಿಗೆ ಬಡಿದರೆ ಗತಿಯೇನು? 1854ರಲ್ಲಿ ತುರ್ತು ಆದೇಶ ಬಂತು.

ಕೆಲಸ ಬಿದ್ದದ್ದು ಸ್ಟೀವನ್ಸನ್ ಮನೆತನದ ಮೇಲೆ. ಸ್ಕಾಟ್ಲೆಂಡಿನ ದೀಪಸ್ತಂಭಗಳಲ್ಲಿ ಬಹುಪಾಲು ಈ ಒಂದೇ ಮನೆತನದ ಎಂಜಿನಿಯರುಗಳು ಕಟ್ಟಿದವು. ಇಲ್ಲಿಗೆ ಬಂದವರು ಡೇವಿಡ್ ಮತ್ತು ಥಾಮಸ್ ಸ್ಟೀವನ್ಸನ್. ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್ಸನ್ ಈ ಥಾಮಸ್‌ನ ಮಗ. ಹತ್ತೊಂಬತ್ತರ ಹರೆಯದ ಹೊಸ್ತಿಲಲ್ಲಿ, 1869ರಲ್ಲಿ, ಅಪ್ಪನ ಜತೆ ಅನ್ಸ್ಟ್‌ಗೆ ಬಂದಿದ್ದ.

ಸಾಮಾನು ಸಾಗಿಸಿದ ಬಗೆಯನ್ನು ಸ್ವಲ್ಪ ಊಹಿಸಿಕೊಳ್ಳಿ. ದೋಣಿಕಟ್ಟೆಯಿಲ್ಲ, ದಾರಿಯಿಲ್ಲ. ದೋಣಿ ಬಂಡೆಗೆ ತಗುಲದಂತೆ ಹಿಡಿದು, ಅಲೆ ಮೇಲೆತ್ತಿದ ಕ್ಷಣಕ್ಕೆ ಜಿಗಿಯಬೇಕು. ಸಿಮೆಂಟು, ಸುಣ್ಣ, ಕಲ್ಲಿದ್ದಲು, ಕಬ್ಬಿಣ, ಗಾಜು, ಕುಡಿಯುವ ನೀರು, ಊಟದ ಸಾಮಗ್ರಿ, ಹೀಗೆ ನೂರು ಟನ್ನಿಗೂ ಮೀರಿದ ಸರಂಜಾಮನ್ನು ಕೂಲಿಗಳು ಬೆನ್ನ ಮೇಲೆ ಹೊತ್ತು ಕಡಿದಾದ ಬಂಡೆಯ ನೆತ್ತಿಗೆ ಸಾಗಿಸಿದರು. 1854ರ ಅಕ್ಟೋಬರಿನಲ್ಲಿ ತಾತ್ಕಾಲಿಕ ದೀಪ ಹೊತ್ತಿತು.

ಚಳಿಗಾಲ ಬಂತು. ದೀಪದ ಗೋಪುರ ಇದ್ದದ್ದು ಸಮುದ್ರದಿಂದ 60 ಮೀಟರ್ ಮೇಲೆ, ಗೋಪುರದ ಎತ್ತರ ಇನ್ನೂ 15 ಮೀಟರ್. ಅಷ್ಟು ಎತ್ತರಕ್ಕೂ ಅಲೆ ಬಂತು. ಬಂದು ಗೋಪುರಕ್ಕೆ ಅಪ್ಪಳಿಸಿತು, ಕಾವಲುಗಾರರು ಮಲಗುವ ಮನೆಯ ಬಾಗಿಲನ್ನು ಒಡೆದು ಒಳನುಗ್ಗಿತು. ಕೂರಲು ಒಣ ಜಾಗವಿಲ್ಲ, ಮಲಗಲು ಒಣ ಹಾಸಿಗೆಯಿಲ್ಲ ಎಂಬ ಸ್ಥಿತಿ. ಹೀಗಾಗಿ ಇನ್ನೂ ಎತ್ತರದ, ಇನ್ನೂ ಗಟ್ಟಿಯಾದ ಗೋಪುರ ಕಟ್ಟಲು ತೀರ್ಮಾನವಾಯಿತು. ಬಂಡೆಯೊಳಗೆ ಸುಮಾರು 3 ಮೀಟರ್ ಕೊರೆದು ಅಡಿಪಾಯ ಹಾಕಿದರು. ಸುಮಾರು 20 ಮೀಟರ್ ಎತ್ತರದ ಹೊಸ ಗೋಪುರದಲ್ಲಿ 1858ರ ಜನವರಿ 1ರಂದು ದೀಪ ಹೊತ್ತಿತು. ಅಷ್ಟರಲ್ಲಿ ಯುದ್ಧ ಮುಗಿದು ಎರಡು ವರ್ಷವಾಗುತ್ತ ಬಂದಿತ್ತು. ಯುದ್ಧದ ನೆಪದಲ್ಲಿ ಹುಟ್ಟಿದ ದೀಪ ಆಮೇಲೆ ಮೀನುಗಾರರ, ವ್ಯಾಪಾರಿ ಹಡಗುಗಳ ಪಾಲಿಗೆ ದಾರಿದೀಪವಾಗಿ ಇವತ್ತಿಗೂ ಉರಿಯುತ್ತಿದೆ.

ಈ ದೀಪದ ಹೆಸರು ಬಹುಕಾಲ 'ನಾರ್ತ್ ಅನ್ಸ್ಟ್' ಎಂದಿತ್ತು. 1964ರಲ್ಲಿ ಅದನ್ನು ಬಿಟ್ಟು ಮಕಲ್ ಫ್ಲಗ್ಗಾ ಎಂದು ಬದಲಿಸಿದರು. ಒಳ್ಳೆಯ ಕೆಲಸ ಮಾಡಿದರು! ಕಾವಲುಗಾರರು ಸರದಿಯಂತೆ ಬಂಡೆಯ ಮೇಲಿರುತ್ತಿದ್ದರು, ಅವರ ಹೆಂಡತಿ ಮಕ್ಕಳು ಬರಾ ಫರ್ತ್ ದಡದ ವಸತಿಯಲ್ಲಿ. 1995ರಲ್ಲಿ ದೀಪ ಸ್ವಯಂಚಾಲಿತವಾಯಿತು, ಕಾವಲುಗಾರರು ಶಾಶ್ವತವಾಗಿ ಇಳಿದು ಬಂದರು. ಬ್ರಿಟನ್ನಿನ ಅತ್ಯಂತ ಉತ್ತರದ ಜನವಸತಿಯ ದ್ವೀಪ ಎಂಬ ಪಟ್ಟ ಅಂದಿನಿಂದ ಅನ್ಸ್ಟ್‌ಗೆ ಹೋಯಿತು.

ಗಾಳಿಯ ವಿಷಯ ಹೇಳದಿದ್ದರೆ ಈ ಜಾಗದ ಚಿತ್ರ ಪೂರ್ತಿಯಾಗದು. ಸ್ಯಾಕ್ಸಾ ವೋರ್ಡ್ ಗುಡ್ಡದ ಮೇಲೆ ವಾಯುಪಡೆಯ ರಾಡಾರ್ ನೆಲೆಯಿದೆ. 1992ರ ಹೊಸ ವರ್ಷದ ದಿನ ಬಿರುಗಾಳಿ ಬೀಸಿದಾಗ ಅಲ್ಲಿನ ಗಾಳಿಮಾಪಕ ತೋರಿಸಿದ ವೇಗ ಗಂಟೆಗೆ 197 ಮೈಲಿ, ಅಂದರೆ ಸುಮಾರು 317 ಕಿಲೋಮೀಟರ್. ಈ ಅಂಕಿ ಅಧಿಕೃತ ದಾಖಲೆಯ ಪುಸ್ತಕಕ್ಕೆ ಸೇರಲಿಲ್ಲ. ಮಾಪಕವೇ ಗಾಳಿಗೆ ಹಾರಿಹೋಯಿತು.

ದಾರಿ ತಪ್ಪಿ ಬಂದ ಆಲ್ಬರ್ಟ್

ಹರ್ಮನೆಸ್ ಮತ್ತು ಮಕಲ್ ಫ್ಲಗ್ಗಾ ಇಂದು ಕಡಲಹಕ್ಕಿಗಳ ರಾಜ್ಯ. ದೂರದಿಂದ ಬಂಡೆಗಳು ಬಿಳಿ ಬಣ್ಣ ಬಳಿದಂತೆ ಕಾಣುತ್ತವೆ. ಅರ್ಧ ಬಿಳುಪು ಗ್ಯಾನೆಟ್ ಹಕ್ಕಿಗಳದ್ದು, ಉಳಿದರ್ಧ ಅವುಗಳ ಹಿಕ್ಕೆಯದ್ದು. ಗ್ಯಾನೆಟ್ ದೊಡ್ಡ ಹಕ್ಕಿ: ರೆಕ್ಕೆ ಬಿಚ್ಚಿದರೆ ಸುಮಾರು 1.8 ಮೀಟರ್, ತಲೆಗೆ ತಿಳಿಹಳದಿ ಬಣ್ಣ. ಎತ್ತರದಿಂದ ರೆಕ್ಕೆ ಮಡಚಿ ಬಾಣದಂತೆ ನೀರಿಗೆ ಬಿದ್ದು ಮೀನು ಹಿಡಿಯುತ್ತದೆ. ಬಣ್ಣದ ಕೊಕ್ಕಿನ ಪಫಿನ್‌ಗಳೂ ಇಲ್ಲಿವೆ. ಶೆಟ್ಲೆಂಡಿನವರು ಪ್ರೀತಿಯಿಂದ ಅವನ್ನು 'ಟ್ಯಾಮಿ ನೋರಿ' ಎಂದು ಕರೆಯುತ್ತಾರೆ.

ಈ ಊರಿನ ಹಕ್ಕಿ ಕಥೆಗಳಲ್ಲಿ ನನ್ನ ಮನಸ್ಸಿಗೆ ತೀರ ಹತ್ತಿರವಾದದ್ದು ಆಲ್ಬರ್ಟ್‌ನ ಕಥೆ. ಕಪ್ಪು ಹುಬ್ಬಿನ ಆಲ್ಬಟ್ರಾಸ್ ದಕ್ಷಿಣ ಗೋಳಾರ್ಧದ ಹಕ್ಕಿ. ಫಾಕ್‌ಲ್ಯಾಂಡ್, ದಕ್ಷಿಣ ಜಾರ್ಜಿಯಾದಂಥ ದ್ವೀಪಗಳಲ್ಲಿ ಗೂಡು ಕಟ್ಟುತ್ತದೆ. ಅದು ಹಾರುವುದಕ್ಕಿಂತ ತೇಲುವುದೇ ಹೆಚ್ಚು. ಉದ್ದನೆಯ ರೆಕ್ಕೆಗಳನ್ನು ಬಿಚ್ಚಿ, ಬಡಿಯದೆ, ಗಾಳಿಯ ಮೇಲೆ ಜಾರುತ್ತ ಸಾವಿರಾರು ಕಿಲೋಮೀಟರ್ ಹೋಗುತ್ತದೆ. ಇಂಥ ಹಕ್ಕಿಗೆ ಭೂಮಧ್ಯರೇಖೆಯ ಸುತ್ತಲಿನ ಗಾಳಿಯಿಲ್ಲದ ಪಟ್ಟಿ ದೊಡ್ಡ ಗೋಡೆ. ಬಿರುಗಾಳಿಗೆ ಸಿಕ್ಕೋ ಇನ್ನಾವ ಕಾರಣಕ್ಕೋ ಒಮ್ಮೆ ಉತ್ತರಕ್ಕೆ ದಾಟಿಬಿಟ್ಟರೆ ವಾಪಸು ಹೋಗುವುದು ಬಹಳ ಕಷ್ಟ.

ಅಂಥದ್ದೊಂದು ಹಕ್ಕಿ 1967ರಲ್ಲಿ ಸ್ಕಾಟ್ಲೆಂಡಿನ ಬಾಸ್ ರಾಕ್ ಎಂಬ ಗ್ಯಾನೆಟ್ ಬಂಡೆಯ ಮೇಲೆ ಕಂಡಿತು. ಅದೇ ಹಕ್ಕಿ ಎಂದು ಎಣಿಸಲಾದ ಆಲ್ಬಟ್ರಾಸ್ 1972ರಿಂದ ಹರ್ಮನೆಸ್‌ಗೆ ಬರತೊಡಗಿತು. ಜನ ಅದಕ್ಕೆ ಆಲ್ಬರ್ಟ್ ರಾಸ್ ಎಂದು ಹೆಸರಿಟ್ಟರು. ಬೇಗ ಹೇಳಿದರೆ ಹಕ್ಕಿಯ ಜಾತಿಯ ಹೆಸರೇ ಆಗುತ್ತದೆ. ಗ್ಯಾನೆಟ್‌ಗಳ ನಡುವೆ ಒಂದು ಜಾಗ ಹಿಡಿದು, ಪ್ರತಿ ವಸಂತದಲ್ಲೂ ಶ್ರದ್ಧೆಯಿಂದ ಗೂಡು ಕಟ್ಟುತ್ತಿತ್ತು. ಅಕ್ಕಪಕ್ಕದ ಗ್ಯಾನೆಟ್‌ಗಳ ಎದುರು ಕತ್ತು ಚಾಚಿ, ಬಾಲ ಬೀಸಣಿಗೆಯಂತೆ ಬಿಚ್ಚಿ, ತನ್ನ ಜಾತಿಯ ಪ್ರಣಯದ ಪದ್ಧತಿಯಂತೆ ಒಲಿಸಿಕೊಳ್ಳಲು ನೋಡುತ್ತಿತ್ತು. ಗ್ಯಾನೆಟ್‌ಗಳಿಗೆ ಆ ಸನ್ನೆ ಒಂದೂ ಅರ್ಥವಾಗಲಿಲ್ಲ. ನಡುವೆ ಕೆಲವು ವರ್ಷ ಕಾಣೆಯಾಗಿ, ಮತ್ತೆ ಬಂದು, 1995ರವರೆಗೂ ಆ ಹಕ್ಕಿ ಹರ್ಮನೆಸ್‌ನಲ್ಲಿ ಕಾಣಿಸಿಕೊಂಡಿತು. ದೀಪಸ್ತಂಭದ ಕಾವಲುಗಾರರು ಇಳಿದು ಹೋದದ್ದೂ ಅದೇ ವರ್ಷ. ಜೊತೆಗಾರ ಸಿಗದೆಯೂ ವರ್ಷ ವರ್ಷ ಗೂಡು ಕಟ್ಟಿದ ಆ ಹಕ್ಕಿಯನ್ನು ನೋಡಲು ಬ್ರಿಟನ್ನಿನ ಮೂಲೆಮೂಲೆಯಿಂದ ಜನ ಈ ತುದಿಗೆ ಬರುತ್ತಿದ್ದರು.

ಇನ್ನೊಂದು ಹಕ್ಕಿಯ ಬಗ್ಗೆ ಎಚ್ಚರಿಕೆಯ ಮಾತು. ಗ್ರೇಟ್ ಸ್ಕುವಾ ಎಂಬ ಕಂದು ಹಕ್ಕಿಯನ್ನು ಶೆಟ್ಲೆಂಡಿನಲ್ಲಿ 'ಬಾಂಕ್ಸಿ' ಎನ್ನುತ್ತಾರೆ. ಬೇರೆ ಹಕ್ಕಿಗಳನ್ನು ಅಟ್ಟಿಸಿಕೊಂಡು ಹೋಗಿ, ಅವು ನುಂಗಿದ ಮೀನನ್ನು ಕಕ್ಕಿಸಿ ತಿನ್ನುವ ದರೋಡೆಕೋರ. ಗೂಡಿನ ಹತ್ತಿರ ಹೋದರೆ ಮನುಷ್ಯರ ನೆತ್ತಿಗೇ ಎರಗುತ್ತದೆ. ಹತ್ತೊಂಬತ್ತನೇ ಶತಮಾನದ ಹೊತ್ತಿಗೆ ಬೇಟೆಯಿಂದ ಇದು ಇಲ್ಲಿ ಅಳಿಯುವ ಹಂತಕ್ಕೆ ಬಂದಿತ್ತು. 1831ರಲ್ಲಿ ಅನ್ಸ್ಟ್‌ನ ಎಡ್ಮಂಡ್‌ಸ್ಟನ್ ಎಂಬ ಜಮೀನುದಾರ ಕುಟುಂಬ ಹರ್ಮನೆಸ್‌ನಲ್ಲಿ ಅವನ್ನು ಕಾಯಲು ಶುರುಮಾಡಿತು. ಸಂರಕ್ಷಣೆ ಎಂಬ ಮಾತು ಇನ್ನೂ ಬಳಕೆಗೆ ಬರುವ ಮೊದಲೇ ಆದ ಕೆಲಸವಿದು, ಮತ್ತು ಫಲಿಸಿತು. ಈಚೆಗೆ, 2021 ಮತ್ತು 2022ರಲ್ಲಿ, ಹಕ್ಕಿಜ್ವರ ಬಂದು ಬಾಂಕ್ಸಿಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು. ಎರಡು ಶತಮಾನ ಕಾಪಾಡಿಕೊಂಡು ಬಂದ ಹಕ್ಕಿಗೆ ಎರಡು ಬೇಸಿಗೆಯಲ್ಲಿ ಬಿದ್ದ ಈ ಪೆಟ್ಟು ನಿಜಕ್ಕೂ ಸಂಕಟದ್ದು.

ರಾಕೆಟ್ಟಿಗೆ ಈ ಊರೇ ಏಕೆ?

ಉಪಗ್ರಹಗಳು ಭೂಮಿಯನ್ನು ಸುತ್ತುವುದರಲ್ಲಿ ಹಲವು ಬಗೆ. ದೂರಸಂಪರ್ಕದ ದೊಡ್ಡ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಸುತ್ತುತ್ತವೆ. ಇವಕ್ಕೆ ಭೂಮಧ್ಯರೇಖೆಯ ಹತ್ತಿರದ ಉಡಾವಣಾ ಕೇಂದ್ರ ಒಳ್ಳೆಯದು, ಏಕೆಂದರೆ ಅಲ್ಲಿ ನೆಲವೇ ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿರುತ್ತದೆ. ಆ ವೇಗ ರಾಕೆಟ್ಟಿಗೆ ಪುಕ್ಕಟೆಯಾಗಿ ಸಿಗುತ್ತದೆ.

ಬೆಳೆ, ಕಾಡು, ಹಿಮ, ಮೋಡಗಳ ಚಿತ್ರ ತೆಗೆಯುವ ಉಪಗ್ರಹಗಳ ದಾರಿ ಬೇರೆ. ಅವು ಒಂದು ಧ್ರುವದಿಂದ ಇನ್ನೊಂದು ಧ್ರುವಕ್ಕೆ, ಉದ್ದುದ್ದ ಸುತ್ತುತ್ತವೆ. ಕೆಳಗೆ ಭೂಮಿ ತಿರುಗುತ್ತಿರುವುದರಿಂದ ಕೆಲವೇ ದಿನಗಳಲ್ಲಿ ಇಡೀ ಭೂಮಿ ಅವುಗಳ ಕಣ್ಣಡಿ ಹಾದುಹೋಗುತ್ತದೆ. ಈ ಧ್ರುವೀಯ ಕಕ್ಷೆಗೆ ಪೂರ್ವದ ತಿರುಗುವೇಗದಿಂದ ಲಾಭವಿಲ್ಲ, ಬದಲಿಗೆ ಅದನ್ನು ಕಳೆಯಬೇಕಾಗುತ್ತದೆ. ಅನ್ಸ್ಟ್ ಅಕ್ಷಾಂಶದಲ್ಲಿ ನೆಲದ ವೇಗ ಭೂಮಧ್ಯರೇಖೆಯಲ್ಲಿ ಇರುವುದರ ಅರ್ಧಕ್ಕಿಂತ ತುಸು ಕಡಿಮೆ. ಕಳೆಯುವುದೂ ಕಡಿಮೆ.

ಅದಕ್ಕಿಂತ ಮುಖ್ಯವಾದದ್ದು ರಾಕೆಟ್ ಹೋಗುವ ದಾರಿಯ ಕೆಳಗೆ ಏನಿದೆ ಎಂಬುದು. ಮೊದಲ ಹಂತ ಕಳಚಿ ಕೆಳಗೆ ಬೀಳುತ್ತದೆ. ಏನಾದರೂ ಎಡವಟ್ಟಾದರೆ ಇಡೀ ರಾಕೆಟ್ಟೇ ಬೀಳಬಹುದು. ಜನ ಇರುವ ನೆಲದ ಮೇಲೆ ಹಾರಿಸುವಂತಿಲ್ಲ. ಈ ತೊಡಕು ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ನಮ್ಮ ಇಸ್ರೋಗೂ ಚೆನ್ನಾಗಿ ಗೊತ್ತು. ಶ್ರೀಹರಿಕೋಟಾದಿಂದ ನೇರ ದಕ್ಷಿಣಕ್ಕೆ ಹಾರಿಸಿದರೆ ಕೆಳಗೆ ಶ್ರೀಲಂಕಾ ಬರುತ್ತದೆ. ಹಾಗಾಗಿ ಪಿಎಸ್‌ಎಲ್‌ವಿ ಮೊದಲು ಆಗ್ನೇಯಕ್ಕೆ ಹೋಗಿ, ಶ್ರೀಲಂಕಾವನ್ನು ಬಳಸಿ, ಆಮೇಲೆ ದಕ್ಷಿಣಕ್ಕೆ ತಿರುಗುತ್ತದೆ. ಹಾಗೆ ತಿರುಗಲು ಇಂಧನ ಬೇಕು, ಅಷ್ಟರಮಟ್ಟಿಗೆ ಹೊರುವ ಭಾರ ಕಡಿಮೆಯಾಗುತ್ತದೆ. ಚಿಕ್ಕ ರಾಕೆಟ್ಟುಗಳಿಗೆ ಈ ನಷ್ಟ ತಡೆಯಲಾಗದು. ತಮಿಳುನಾಡಿನ ಕುಲಶೇಖರಪಟ್ಟಿಣಂನಲ್ಲಿ ಹೊಸ ಉಡಾವಣಾ ಕೇಂದ್ರಕ್ಕೆ 2024ರ ಫೆಬ್ರುವರಿಯಲ್ಲಿ ಅಡಿಗಲ್ಲು ಹಾಕಿದ್ದು ಇದೇ ಕಾರಣಕ್ಕೆ; ಅಲ್ಲಿಂದ ದಕ್ಷಿಣಕ್ಕೆ ಬರೀ ಸಮುದ್ರ.

ಅನ್ಸ್ಟ್‌ನ ಅನುಕೂಲವೂ ಇದೇ, ದಿಕ್ಕು ಮಾತ್ರ ಉತ್ತರ. ದೈತ್ಯರನ್ನು ಮುಳುಗಿಸಿದ, ಜೇನ್ ಫ್ರಾಂಕ್ಲಿನ್‌ಗೆ ಗಂಡನ ಸುಳಿವು ಕೊಡದ ಅದೇ ಖಾಲಿ ಸಮುದ್ರ ರಾಕೆಟ್ ಎಂಜಿನಿಯರುಗಳಿಗೆ ಬೇಕಾಗಿದೆ. ದ್ವೀಪದ ಈಶಾನ್ಯದ ಲಾಂಬಾ ನೆಸ್ ಎಂಬ ಭೂಶಿರದಲ್ಲಿ ಕಟ್ಟಿದ ಸ್ಯಾಕ್ಸಾವೋರ್ಡ್ ಕೇಂದ್ರಕ್ಕೆ 2023ರ ಡಿಸೆಂಬರಿನಲ್ಲಿ ಪರವಾನಗಿ ಸಿಕ್ಕಿತು; ಲಂಬವಾಗಿ ರಾಕೆಟ್ ಹಾರಿಸಲು ಬ್ರಿಟನ್ನಿನಲ್ಲಿ ಪರವಾನಗಿ ಪಡೆದ ಮೊದಲ ಕೇಂದ್ರವಿದು. 2024ರ ಆಗಸ್ಟ್‌ನಲ್ಲಿ ರಾಕೆಟ್ ಫ್ಯಾಕ್ಟರಿ ಆಗ್ಸ್‌ಬರ್ಗ್ ಎಂಬ ಜರ್ಮನ್ ಕಂಪನಿ ತನ್ನ ರಾಕೆಟ್ಟಿನ ಮೊದಲ ಹಂತವನ್ನು ನೆಲದ ಮೇಲೆಯೇ ಉರಿಸಿ ಪರೀಕ್ಷಿಸುವಾಗ ಅದು ಸ್ಫೋಟಿಸಿತು, ಯಾರಿಗೂ ಗಾಯವಾಗಲಿಲ್ಲ. 2025ರ ಜನವರಿಯಲ್ಲಿ ಅದೇ ಕಂಪನಿಗೆ ಉಡಾವಣೆಯ ಪರವಾನಗಿ ದೊರೆಯಿತು.

ಹೋಗಿ ನೋಡುವುದಾದರೆ

ಬ್ರಿಟನ್ನಿನಲ್ಲಿರುವ ಕನ್ನಡಿಗರು, ಅಲ್ಲಿಗೆ ಪ್ರವಾಸ ಹೋಗುವವರು ಕೇಳುವ ಪ್ರಶ್ನೆ ಇದು. ಅಬರ್ಡೀನ್‌ನಿಂದ ಸಂಜೆ ಹೊರಡುವ ಹಡಗು ರಾತ್ರಿಯಿಡೀ ಸಾಗಿ ಬೆಳಗ್ಗೆ ಲರ್ವಿಕ್ ಮುಟ್ಟುತ್ತದೆ; ವಿಮಾನವಾದರೆ ಸಂಬರ್ಗ್‌ಗೆ. ಅಲ್ಲಿಂದ ರಸ್ತೆಯಲ್ಲಿ ಟಾಫ್ಟ್, ದೋಣಿಯಲ್ಲಿ ಯೆಲ್‌ನ ಅಲ್ಸ್ಟಾ, ಯೆಲ್ ದ್ವೀಪ ದಾಟಿ ಗಚರ್, ಮತ್ತೆ ದೋಣಿಯಲ್ಲಿ ಅನ್ಸ್ಟ್‌ನ ಬೆಲ್‌ಮಾಂಟ್. ಕಾರು ದೋಣಿಯಲ್ಲೇ ಬರುತ್ತದೆ.

ಹರ್ಮನೆಸ್‌ನಲ್ಲಿ ಜೌಗು ನೆಲದ ಮೇಲೆ ಹಲಗೆ ಹಾಸಿದ ದಾರಿಯಿದೆ. ಅದನ್ನು ಬಿಟ್ಟು ಇಳಿಯಬೇಡಿ. ಜೌಗಿನ ಗಿಡಗಳಿಗೂ ಹಾನಿ, ನೆಲದ ಮೇಲೇ ಗೂಡು ಮಾಡುವ ಹಕ್ಕಿಗಳಿಗೂ ಹಾನಿ. ಬಾಂಕ್ಸಿ ಎರಗಿ ಬಂದರೆ ಒಂದು ಕೋಲನ್ನು ತಲೆಗಿಂತ ಮೇಲೆ ನೆಟ್ಟಗೆ ಹಿಡಿದರೆ ಸಾಕು, ಅದು ಎಲ್ಲಕ್ಕಿಂತ ಎತ್ತರದ ತುದಿಗೆ ಗುರಿಯಿಡುತ್ತದೆ, ಬೀಸಿ ಹೊಡೆಯಬಾರದು. ಪಫಿನ್ ನೋಡಬೇಕಿದ್ದರೆ ಮೇ ಕೊನೆಯಿಂದ ಜುಲೈ ಒಳಗೆ ಹೋಗಬೇಕು, ಆಗಸ್ಟ್ ಹೊತ್ತಿಗೆ ಅವು ಸಮುದ್ರ ಸೇರಿರುತ್ತವೆ. ಬಂಡೆಯ ಅಂಚಿಗೆ ಹೋಗಬೇಡಿ, ಗಾಳಿ ಇದ್ದಕ್ಕಿದ್ದಂತೆ ತಿರುಗುತ್ತದೆ.

ದಾರಿಯಲ್ಲಿ ಬಾಲ್ಟಾಸೌಂಡ್ ಊರಿನ ಹತ್ತಿರ ಒಂದು ಬಸ್ ತಂಗುದಾಣ ಸಿಗುತ್ತದೆ, ತಪ್ಪಿಸಬೇಡಿ. 1996ರಲ್ಲಿ ಹಳೆಯದನ್ನು ತೆಗೆದುಹಾಕಿದಾಗ ಅಲ್ಲಿ ದಿನವೂ ಬಸ್ಸಿಗೆ ಕಾಯುತ್ತಿದ್ದ ಶಾಲಾ ಹುಡುಗನೊಬ್ಬ ಸ್ಥಳೀಯ ಪತ್ರಿಕೆಗೆ ಪತ್ರ ಬರೆದ. ಹೊಸ ತಂಗುದಾಣ ಬಂತು. ಸ್ವಲ್ಪ ದಿನಕ್ಕೆ ಯಾರೋ ಅದರೊಳಗೆ ಸೋಫಾ ತಂದಿಟ್ಟರು, ಮೇಜು ಇಟ್ಟರು, ಟೀವಿ ಬಂತು, ಕಂಪ್ಯೂಟರ್ ಬಂತು. ಊರವರು ಈಗಲೂ ಆಗಾಗ ಹೊಸ ವಿಷಯ ಆರಿಸಿ ಅದನ್ನು ಸಿಂಗರಿಸುತ್ತಾರೆ, ಬಂದವರು ಸಹಿ ಹಾಕಲು ಪುಸ್ತಕವನ್ನೂ ಇಟ್ಟಿದ್ದಾರೆ. ಬಸ್ಸು ತಡವಾದರೂ ಚಿಂತೆಯಿಲ್ಲ.